ಫೋರ್ಡ್ ಸಾಹೇಬರು ಬಂದ ದಿನ

ಭಾನುವಾರ, 14 ಜುಲೈ 2024

ಬೆಳಿಗ್ಗೆಯಿಂದ ಜಿಟಿ ಜಿಟಿ ಮಳೆ. ತರಕಾರಿ ತರೋಕೂ ಹೋಗಲಿಲ್ಲ. ಹೋದ ವಾರ ತಂದಿಟ್ಟಿದ್ದ ‘ಸಿಜ್ವೆ ಬಾನ್ಸಿ ಈಸ್ ಡೆಡ್’ ನಾಟಕ ಹಿಡಿದು ಕೂತೆ. ಶುರುವಿನ ಪುಟಗಳಿಗೇ ಎಷ್ಟು ಜೋರಾಗಿ ನಕ್ಕೆನೋ ಏನೋ, ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಅಪ್ಪ "ಏನೇ ಅದು?" ಅಂತ ಎದ್ದು ಬಂದರು.

ಓದಿ ಹೇಳಿದೆ. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್. ವರ್ಣಭೇದದ ಕಾಲ. ಸ್ಟೈಲ್ಸ್ ಅನ್ನುವವನು ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಅದಕ್ಕೆ ಮೊದಲು ಫೋರ್ಡ್ ಕಾರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಒಂದು ದಿನ ಅಮೆರಿಕದಿಂದ ಕಂಪನಿಯ ಯಜಮಾನರೇ, ಎರಡನೇ ಹೆನ್ರಿ ಫೋರ್ಡ್, ಬರುತ್ತಾರಂತೆ. ತಗೋ, ನೆಲ ತಿಕ್ಕೋದು, ಗೆರೆ ಬಳಿಯೋದು, ಎಲ್ಲರಿಗೂ ಹೊಸ ಬಟ್ಟೆ, ಹೊಸ ಗ್ಲೌಸು. ಬಿಳಿಯ ಫೋರ್‌ಮನ್ ಭಾಷಣ ಬಿಗಿಯುತ್ತಾನೆ, ಸ್ಟೈಲ್ಸ್ ಅದನ್ನು ತನ್ನವರ ಭಾಷೆಗೆ ಹೇಳಬೇಕು. ಅಮೆರಿಕದ ಕರಿಯರಂತೆ ಮುಷ್ಕರ ಗಿಷ್ಕರ ಮಾಡುವವರಲ್ಲ ನೀವು ಅಂತ ತೋರಿಸಿ ಅನ್ನೋದು ಫೋರ್‌ಮನ್‌ನ ಮಾತು, ಮಂಗ ಅನ್ನೋ ಬೈಗುಳದ ಸಮೇತ. ಸ್ಟೈಲ್ಸ್ ಗಂಭೀರ ಮುಖ ಮಾಡಿಕೊಂಡು, ನಾವು ಅಮೆರಿಕದ ಮಂಗಗಳಿಗಿಂತ ಚೆನ್ನಾಗಿ ಪಳಗಿದ ಮಂಗಗಳಂತೆ ಅಂತ ಹೇಳುತ್ತಾನೆ. ಫೋರ್‌ಮನ್‌ಗೆ ಒಂದಕ್ಷರ ಅರ್ಥವಾಗಲ್ಲ! ಕಡೆಗೆ ಫೋರ್ಡ್ ಸಾಹೇಬರು ಬರುತ್ತಾರೆ, ನಾಲ್ಕು ಹೆಜ್ಜೆ ಹಾಕುತ್ತಾರೆ, ಹೋಗೇ ಬಿಡುತ್ತಾರೆ. ಆಮೇಲೆ ಹೋದ ಹೊತ್ತನ್ನು ತುಂಬಿಕೊಳ್ಳೋಕೆ ಲೈನ್ ಡಬಲ್ ಸ್ಪೀಡ್.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ 31 ವರ್ಷ ದುಡಿದವರು. "ನಮ್ಮಲ್ಲೂ ಹಂಗೇ ಕಣೇ. ಫಾರಿನ್‌ನೋರು ಬಂದ ದಿನ ಟಾಯ್ಲೆಟ್‌ನಲ್ಲಿ ಸೋಪು, ಕ್ಯಾಂಟೀನ್‌ನಲ್ಲಿ ಒಬ್ಬಟ್ಟು. ಮಾರನೇ ದಿನ ಎರಡೂ ಇಲ್ಲ" ಅಂದರು.

ನಕ್ಕಿದ್ದು ಅಲ್ಲಿಗೆ ನಿಂತಿತು. ಶಿಫ್ಟ್ ಮುಗಿದ ಮೇಲೆ ಅಪ್ಪನನ್ನು ರಸ್ತೆಯಲ್ಲಿ ಯಾರೂ ನಿಲ್ಲಿಸಿ, ಈ ಊರಲ್ಲಿರೋಕೆ ಅನುಮತಿ ಎಲ್ಲಿ ಅಂತ ಕೇಳುತ್ತಿರಲಿಲ್ಲ. ಅಲ್ಲಿ ಕೇಳುತ್ತಿದ್ದರು. 1952ರ ಕಾನೂನಿನ ಪ್ರಕಾರ 16 ತುಂಬಿದ ಪ್ರತಿಯೊಬ್ಬ ಕರಿಯರ ಕೈಯಲ್ಲೂ ಪಾಸ್‌ಬುಕ್ ಇರಲೇಬೇಕು. ಎಲ್ಲಿರಬಹುದು, ಯಾರ ಹತ್ತಿರ ಕೆಲಸ, ಎಲ್ಲ ಅದರಲ್ಲಿ. ನಾಟಕದ ಸಿಜ್ವೆಗೆ ಓದೋಕೆ ಬರಲ್ಲ. ಊರು ಬಿಟ್ಟು ಹೋಗಬೇಕು ಅಂತ ತನ್ನ ಪುಸ್ತಕದಲ್ಲಿ ಠಸ್ಸೆ ಬಿದ್ದಿರೋದನ್ನೂ ಬೇರೆಯವರು ಓದಿ ಹೇಳಬೇಕು. ಒಂದು ರಾತ್ರಿ ಅವನಿಗೂ ಅವನ ಗೆಳೆಯ ಬುಂಟುವಿಗೂ ಒಂದು ಹೆಣ ಸಿಗುತ್ತದೆ. ಹೆಣದ ಜೇಬಿನ ಪಾಸ್‌ಬುಕ್‌ನಲ್ಲಿ ಕೆಲಸ ಹುಡುಕೋಕೆ ಅನುಮತಿ ಇದೆ! ಫೋಟೋ ಬದಲಾಯಿಸಿದರೆ ಸಿಜ್ವೆ ಬದುಕಬಹುದು. ಆದರೆ ಅವನ ಹೆಸರು ಸಾಯಬೇಕು. (ಕುಡಿದು ಬರುವ ದೃಶ್ಯ ಸ್ವಲ್ಪ ಎಳೆದ ಹಾಗಿದೆ. ಆಡುವಾಗ ಹೇಗಿರುತ್ತೋ.)

ಬಿಳಿಯ ನಾಟಕಕಾರ ಅಥೋಲ್ ಫುಗಾರ್ಡ್, ಕರಿಯ ನಟರಾದ ಜಾನ್ ಕಾನಿ, ವಿನ್‌ಸ್ಟನ್ ಎನ್‌ಚೋನಾ ಮೂವರೂ ಸೇರಿ ಕಟ್ಟಿದ ನಾಟಕ ಇದು. ಮೊದಲ ಪ್ರಯೋಗ 1972ರ ಅಕ್ಟೋಬರ್‌ನಲ್ಲಿ ಕೇಪ್ ಟೌನ್‌ನಲ್ಲಿ. ಸ್ಟೈಲ್ಸ್ ಪಾತ್ರ ಮಾಡಿದ ಕಾನಿ ನಿಜಕ್ಕೂ ಫೋರ್ಡ್ ಕಾರ್ಖಾನೆಯಲ್ಲಿ ದುಡಿದಿದ್ದವರು. ಆ ದೃಶ್ಯಕ್ಕೆ ಅಷ್ಟು ಜೀವ ಸುಮ್ನೆ ಬಂದಿಲ್ಲ.

ನನಗೆ ನಾಟಕಕ್ಕಿಂತ ಜಾಸ್ತಿ ಹಿಡಿಸಿದ್ದು ಅದರ ಒಂದು ಪ್ರಯೋಗದ ಕಥೆ. ಪೋರ್ಟ್ ಎಲಿಜಬೆತ್‌ನಲ್ಲೇ, ಕರಿಯರ ಬಡಾವಣೆ ನ್ಯೂ ಬ್ರೈಟನ್‌ನಲ್ಲಿ ಆಡಿದಾಗ ನಡೆದದ್ದನ್ನು ಫುಗಾರ್ಡ್ ಬರೆದಿದ್ದಾರೆ. ಫೋರ್ಡ್ ಕಥೆ ಕೇಳಿದ ಒಬ್ಬ ಸೀದಾ ರಂಗದ ಮೇಲೆ ಹತ್ತಿ, ಬಾಕ್ಸಿಂಗ್ ಗೆದ್ದವನ ಕೈಯನ್ನು ರೆಫರಿ ಎತ್ತಿದ ಹಾಗೆ ಕಾನಿಯ ಕೈ ಎತ್ತಿ ಹಿಡಿದನಂತೆ. ಹೆಣದ ಪುಸ್ತಕ ತಗೊಳ್ಳೋದೋ ಬೇಡವೋ ಅನ್ನೋ ಹೊತ್ತಿಗೆ ಇಡೀ ಹಾಲ್ ಗದ್ದಲ. ಬೇಡಪ್ಪ ಸಿಕ್ಕಿಬೀಳ್ತೀಯ ಅಂತ ಒಬ್ಬ, ತಗೋ ಅಂತ ಇನ್ನೊಬ್ಬ. ನಟರು ಸುಮ್ಮನೆ ಕಾಯುತ್ತಾ ನಿಂತರಂತೆ. ಅಲ್ಲಿ ಕೂತ ದೊಡ್ಡವರೆಲ್ಲರ ಬಳಿಯೂ ಅದೇ ಪುಸ್ತಕ ಇತ್ತಲ್ಲ. ಬರೆದ ಮಾತು ಅಲ್ಲಿ ಯಾರಿಗೆ ಬೇಕಿತ್ತು?

ನಾಟಕ ಲಂಡನ್‌ಗೆ, ನ್ಯೂಯಾರ್ಕ್‌ಗೆ ಹೋಯಿತು. 1975ರಲ್ಲಿ ಕಾನಿ ಮತ್ತು ಎನ್‌ಚೋನಾ ಇಬ್ಬರಿಗೂ ಸೇರಿ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿ ಬಂತು. ಮರುವರ್ಷ ಟ್ರಾನ್ಸ್‌ಕೈನಲ್ಲಿ (ವರ್ಣಭೇದದ ಸರ್ಕಾರ ಕರಿಯರಿಗೆ ಅಂತ ಬೇರೆ ಮಾಡಿಟ್ಟ ಪ್ರದೇಶ) ಇದನ್ನೇ ಆಡಿದಾಗ ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು. ಹೊರದೇಶಗಳಲ್ಲಿ ಜನ ಬೀದಿಗಿಳಿದ ಮೇಲೆ ಬಿಟ್ಟರು. ಪಾಸ್ ಕಾನೂನು ಹೋಗೋಕೆ ಇನ್ನೂ ಹತ್ತು ವರ್ಷ ಬೇಕಾಯಿತು, 1986ರವರೆಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಇದ್ದಕ್ಕಿದ್ದಂತೆ, "ಅಲ್ವೇ, ಆ ನಟರ ಹತ್ರಾನೂ ಪುಸ್ತಕ ಇರಬೇಕಲ್ಲ? ಅದರಲ್ಲಿ ಏನಂತ ಬರೆದಿತ್ತು?" ಅಂದರು.

ಕರಿಯರಿಗೆ ನಟ ಅನ್ನೋ ಕೆಲಸವೇ ಸರ್ಕಾರದ ಲೆಕ್ಕದಲ್ಲಿ ಇರಲಿಲ್ಲ, ಇಬ್ಬರನ್ನೂ ಫುಗಾರ್ಡ್ ಮನೆಯ ಕೆಲಸದಾಳುಗಳು ಅಂತ ತೋರಿಸಿದ್ದರು ಅಂದೆ.

ಅಪ್ಪ ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ "ಆ ಪುಸ್ತಕ ಇಲ್ಲಿಡು, ಓದ್ತೀನಿ" ಅಂದರು.