ರಬ್ಬರ್ ಹಿಡಿಯುವ ಮುಂಚೆ ಹಾಳೆಯ ಮೂಲೆ ನೋಡಬೇಕಿತ್ತು

ನಾನು ಅಮೆರಿಕದ ಒಂದು ಬೇಸಿಗೆ ಸಂಗೀತ ಶಿಬಿರದ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಲೈಬ್ರರಿ ಅಂದರೆ ಕತೆ ಪುಸ್ತಕ ಅಲ್ಲ, ಆರ್ಕೆಸ್ಟ್ರಾದ ಪಾರ್ಟುಗಳು. ಒಂದೊಂದು ವಾದ್ಯಕ್ಕೂ ಬೇರೆ ನೊಟೇಶನ್ ಹಾಳೆ ಇರುತ್ತದಲ್ವಾ, ಅದೇ ಪಾರ್ಟ್. ತಾಲೀಮಿಗೆ ಮುಂಚೆ ಅವನ್ನು ಫೋಲ್ಡರಿಗೆ ಸೇರಿಸುವುದು, ಬೋ, ಅಂದರೆ ವಯಲಿನ್ನಿನಂಥ ವಾದ್ಯಗಳ ಕಮಾನು, ಎಲ್ಲಿ ಮೇಲಕ್ಕೆ ಎಲ್ಲಿ ಕೆಳಕ್ಕೆ ಅನ್ನುವ ಗುರುತನ್ನು ಎಲ್ಲ ಹಾಳೆಗೂ ಪೆನ್ಸಿಲಲ್ಲಿ ಹಾಕುವುದು, ಹರಿದದ್ದಕ್ಕೆ ಟೇಪ್ ಅಂಟಿಸುವುದು, ಸಂಗೀತ ಕಛೇರಿ ಮುಗಿದ ಮೇಲೆ ಎಣಿಸಿ ಒಳಗಿಡುವುದು. ಪ್ರತಿ ಸಲ ಒಂದು ವಯೋಲಾ ಪಾರ್ಟ್ ಕಡಿಮೆ ಬರುತ್ತದೆ. ವಯೋಲಾದವರನ್ನು ಕೇಳಿದರೆ ಚೆಲ್ಲೋದವರ ಕಡೆ ನೋಡುತ್ತಾರೆ.

ಮೊದಲ ವರ್ಷ ಇದರ ಜೊತೆಗೆ ಇನ್ನೊಂದು ಕೆಲಸವೂ ತಲೆ ಮೇಲೆ ಬಿತ್ತು. ಶಿಬಿರದ ಚರಿತ್ರೆ ಬರೆದು ಊಟದ ಹಾಲಿನಲ್ಲಿ ಬೋರ್ಡ್ ಹಾಕಬೇಕಂತೆ. ಆಫೀಸಿನ ಕಡತಗಳನ್ನೆಲ್ಲ ಹರಡಿಕೊಂಡು ಕೂತೆ. ಸ್ಥಾಪಕರ ಫೋಟೋ, ಕಟ್ಟಡ ಎದ್ದ ವರ್ಷ, ದಾನಿಗಳ ಹೆಸರು, ಛಾವಣಿ ರಿಪೇರಿಯ ಲೆಕ್ಕ. ಮಕ್ಕಳು ಮಾತ್ರ ಎಲ್ಲೂ ಇಲ್ಲ. ಇದ್ದರೂ ಗುಂಪು ಫೋಟೋದಲ್ಲಿ ಅವರೆಕಾಳಿನಷ್ಟು ಮುಖಗಳು.

ಹಗಲು ಇದು, ಸಂಜೆ ಹಳೇ ಪಾರ್ಟುಗಳನ್ನು ಉಜ್ಜುವುದು. ಹಿಂದಿನ ಕೆಲಸದಲ್ಲಿ ನಾನು ನೋಡಿಕೊಳ್ಳುತ್ತಿದ್ದದ್ದು ಬಾಡಿಗೆ ಪಾರ್ಟುಗಳನ್ನು. ಪ್ರಕಾಶಕರಿಗೆ ವಾಪಸ್ ಕಳಿಸುವ ಮುಂಚೆ ಪೆನ್ಸಿಲ್ ಗುರುತು ಅಳಿಸಬೇಕು, ಇಲ್ಲದಿದ್ದರೆ ಹಣ ಕೇಳುತ್ತಾರೆ. ಅದೇ ಚಾಳಿಯಲ್ಲಿ ಇಲ್ಲೂ ಕೂತು ಉಜ್ಜಿದೆ, ಇವು ಶಿಬಿರದ ಸ್ವಂತ ಪಾರ್ಟು, ಯಾರಿಗೂ ವಾಪಸ್ ಕೊಡಬೇಕಿಲ್ಲ ಅನ್ನುವುದು ತಲೆಗೇ ಹೊಳೆಯಲಿಲ್ಲ. 2ನೇ ವಯಲಿನ್ನಿನ 9 ಹಾಳೆ ಮುಗಿಸಿದ್ದೆ. ಹತ್ತನೆಯದಕ್ಕೆ ಕೈ ಹಾಕುವಾಗ ನಮ್ಮ ಹಿರಿಯ ಲೈಬ್ರೇರಿಯನ್ ಬಂದರು. ಬೈಯಲಿಲ್ಲ. ರಬ್ಬರ್ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು, ಅಷ್ಟೇ. ಹಾಳೆಯ ಮೇಲಿನ ಮೂಲೆಯಲ್ಲಿ 7, 5, 4, 6 ಅಂತ ಬರೆದು ಒಂದೊಂದನ್ನೂ ಅಡ್ಡಗೆರೆ ಎಳೆದು ಹೊಡೆದಿತ್ತು. "ಇದೇನು ಅಂದುಕೊಂಡಿರಿ?" ಅಂತ ಕೇಳಿದರು. ಪುಟದ ಲೆಕ್ಕವೇನೋ ಅಂದೆ. "ಕುರ್ಚಿ," ಅಂದರು.

ಅದು ಅರ್ಥವಾಗಲು ಇಂಟರ್‌ಲಾಕನ್ ಅನ್ನುವ ಇನ್ನೊಂದು ಬೇಸಿಗೆ ಸಂಗೀತ ಶಿಬಿರದ ಕತೆ ಗೊತ್ತಿರಬೇಕು. 1926ರಲ್ಲಿ ಜೋಸೆಫ್ ಮ್ಯಾಡಿ ಅನ್ನುವ ಸಂಗೀತ ಮೇಷ್ಟ್ರು ಡೆಟ್ರಾಯ್ಟಿನಲ್ಲಿ ನಡೆದ ಸಂಗೀತ ಶಿಕ್ಷಕರ ಸಮ್ಮೇಳನಕ್ಕೆ ದೇಶದ ಬೇರೆ ಬೇರೆ ಕಡೆಯ ಹೈಸ್ಕೂಲ್ ಮಕ್ಕಳನ್ನು ಸೇರಿಸಿ ಆರ್ಕೆಸ್ಟ್ರಾ ಮಾಡಿದರು. ಮರುವರ್ಷ ಡಲ್ಲಾಸಿನಲ್ಲೂ ಅಷ್ಟೇ. ಕೆಲವೇ ದಿನ ಒಟ್ಟಿಗೆ ನುಡಿಸಿ ಚದುರಿಹೋಗಲು ಮಕ್ಕಳಿಗೆ ಮನಸ್ಸಿಲ್ಲ. ಹಾಗಾಗಿ 1928ರ ಬೇಸಿಗೆಯಲ್ಲಿ ಮಿಶಿಗನ್ನಿನ ಕಾಡಿನಲ್ಲಿ, ಕೆರೆ ಪಕ್ಕ ಶಿಬಿರ ಶುರುವಾಯಿತು. ಮೊದಲ ವರ್ಷ 115 ಮಕ್ಕಳು. ಮರುವರ್ಷವೇ ಷೇರು ಪೇಟೆ ಕುಸಿಯಿತು ನೋಡಿ, ಸಾಲ ಮಾಡಿ ಶಿಬಿರ ಕಟ್ಟಿದವರ ಪಾಡು ಏನಾಗಿರಬೇಡ.

ಹೆಸರು ಹಬ್ಬಿಸಿದ್ದು ರೇಡಿಯೋ. ಅದಕ್ಕೂ 1942ರಲ್ಲಿ ಕಲ್ಲು ಬಿತ್ತು. ವಾದ್ಯಗಾರರ ಯೂನಿಯನ್ನಿನ ಅಧ್ಯಕ್ಷ ಜೇಮ್ಸ್ ಪೆಟ್ರಿಲೊ ಮಕ್ಕಳ ಪ್ರಸಾರವನ್ನೇ ನಿಲ್ಲಿಸಿದರು. ಮಕ್ಕಳು ಪುಕ್ಕಟೆ ನುಡಿಸಿದರೆ ಸಂಬಳದವರ ಹೊಟ್ಟೆಗೇನು ಅನ್ನುವ ವಾದ. ಕೊನೆಗೆ 1946ರಲ್ಲಿ ಅಮೆರಿಕದ ಸಂಸತ್ತು ಇಂಥ ತಡೆಗಳ ವಿರುದ್ಧ ಕಾನೂನು ಮಾಡಿತು. ಎಲ್ಲರೂ ಪೆಟ್ರಿಲೊನನ್ನು ಖಳನಾಯಕ ಮಾಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಹೊಟ್ಟೆಪಾಡಿನ ಪ್ರಶ್ನೆ ಸುಳ್ಳಲ್ಲ. ಹೈಸ್ಕೂಲ್ ಮಕ್ಕಳ ಮೇಲೆ ತೋರಿಸಿದ್ದು ಜಾಸ್ತಿಯಾಯಿತು.

ಕುರ್ಚಿ ವಿಷಯಕ್ಕೆ ಬರೋಣ. ಇಂಟರ್‌ಲಾಕನ್ನಿನಲ್ಲಿ ಬಹಳ ವರ್ಷ ಮುಂದಿನ ಕುರ್ಚಿಗಾಗಿ ವಾರವಾರ ಪೈಪೋಟಿ ಇತ್ತು. ಹಿಂದೆ ಕೂತವನು ಮುಂದೆ ಕೂತವನಿಗೆ ಸವಾಲು ಹಾಕಬಹುದು. ಇಬ್ಬರೂ ಅದೇ ನಾಲ್ಕು ಸಾಲು ನುಡಿಸಬೇಕು, ಗೆದ್ದವರು ಯಾರು ಅಂತ ಜೊತೆಯವರೇ ಮತ ಹಾಕಬೇಕು. ಸೋತವನು ಅವರ ಮಧ್ಯೆಯೇ ಎದ್ದು ಹಿಂದಿನ ಕುರ್ಚಿಗೆ ಹೋಗಬೇಕು. ನಮ್ಮ ಶಿಬಿರವೂ ಆ ಪದ್ಧತಿಯನ್ನು ಹಾಗೆಯೇ ತಂದುಕೊಂಡಿತ್ತಂತೆ, ಆಮೇಲೆ ಸದ್ದಿಲ್ಲದೆ ಬಿಟ್ಟಿತಂತೆ. ಆಫೀಸಿನ ಕಡತದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಇದ್ದದ್ದು ಈ ಮೂಲೆಯ ಅಂಕಿಗಳಲ್ಲಿ ಮಾತ್ರ. ಏಳರಿಂದ ನಾಲ್ಕಕ್ಕೆ ಏರಿ ಮತ್ತೆ ಆರಕ್ಕೆ ಇಳಿದ ಒಂದು ಮಗುವಿನ ಇಡೀ ಬೇಸಿಗೆ.

ಆ ರಾತ್ರಿ ಡಬ್ಬ ಡಬ್ಬ ತೆಗೆದು ಬರೀ ಮೂಲೆ, ಅಂಚು, ಹಿಂಬದಿ ನೋಡುತ್ತಾ ಕೂತೆ. "ಮಳೆ, ಬೆರಳು ಮರಗಟ್ಟಿದೆ." "ಪುಟ ಬೇಗ ತಿರುಗಿಸು ಮಾರಾಯ" ಅನ್ನುವ ಧಾಟಿಯಲ್ಲಿ ಒಂದು. ಸಂಯೋಜಕ ಡ್ವೊರಾಕ್ ಅವರ 8ನೇ ಸಿಂಫನಿಯ ಒಂದು ಬಾಸ್ ಪಾರ್ಟಿನಲ್ಲಿ, 4ನೇ ಭಾಗದ ತಲೆಯ ಮೇಲೆ, "ಕರೆಂಟ್ ಹೋಯ್ತು, ಇಲ್ಲಿಗೇ ನಿಲ್ಲಿಸಿದ್ವಿ" ಅನ್ನುವ ಅರ್ಥದ ಸಾಲು, ಕೆಳಗೆ ತಾರೀಕು. ಅದೇ ತಾರೀಕಿನ ಕಾರ್ಯಕ್ರಮ ಪಟ್ಟಿ ತೆಗೆದು ನೋಡಿದೆ. ಪೂರ್ತಿ ಸಿಂಫನಿ ಅಂತ ಚೆಂದಾಗಿ ಅಚ್ಚಾಗಿದೆ. ಅಚ್ಚಾದದ್ದು ಕಛೇರಿಗಿಂತ ಮುಂಚೆ, ಪೆನ್ಸಿಲ್ ಆಮೇಲಿನದು. ಈಗ ತಾರೀಕು ಯಾವುದಾದರೂ ಸಿಕ್ಕರೆ ಮೊದಲು ಕೇಳುವುದು ಇಷ್ಟೇ, ಇದನ್ನು ಬರೆದದ್ದು ಮುಂಚೆಯೋ ಆಮೇಲೋ?

ಊಟದ ಹಾಲಿನ ಬೋರ್ಡಿನಲ್ಲಿ ಸ್ಥಾಪಕರ ಫೋಟೋ ಚಿಕ್ಕದಾಗಿ ಹಾಕಿ, ಮೂಲೆಯ ಅಂಕಿಗಳನ್ನು ದೊಡ್ಡದು ಮಾಡಿ ಅಂಟಿಸಿದೆ. ಆಫೀಸಿನವರಿಗೆ ಅಷ್ಟೇನೂ ಹಿಡಿಸಲಿಲ್ಲ. ಸಮಾರಂಭಕ್ಕೆ ಬಂದ ಹಳೇ ವಿದ್ಯಾರ್ಥಿಗಳು ಮಾತ್ರ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

ನಾನು ಉಜ್ಜಿದ 9 ಹಾಳೆಗಳ ಗತಿ ಹೇಳಲಿಲ್ಲ. ಟಾರ್ಚನ್ನು ಹಾಳೆಗೆ ತೀರಾ ಓರೆಯಾಗಿ ಹಿಡಿದರೆ, ಪೆನ್ಸಿಲ್ ಒತ್ತಿ ಬರೆದ ಕಡೆ ಗೀರು ನೆರಳಾಗಿ ಕಾಣುತ್ತದೆ. ಹಾಗೆ ಎರಡು ಹಾಳೆಯ ಅಂಕಿಗಳನ್ನು ಓದಿ ಬರೆದಿಟ್ಟೆ. ಉಳಿದ ಏಳು ಮಕ್ಕಳು ಮೆತ್ತಗೆ ಬರೆಯುವವರು.