ಅರ್ಧಕ್ಕೆ ಬಿಟ್ಟ ಕೆಲಸ ಕಣ್ಣಿಗೆ ಬೀಳಬೇಕು

ವಿಮಾನದ ಮೇಂಟೆನೆನ್ಸ್‌ನಲ್ಲಿ ಏನಾದರೂ ಮರೆತುಹೋಯಿತು ಅಂದರೆ ಎಲ್ಲರೂ ಹೊಸಬರ ಕಡೆ ನೋಡುತ್ತಾರೆ. ನನಗಂತೂ ಪಳಗಿದ ಕೈಗಳ ಬಗ್ಗೆಯೇ ಭಯ ಜಾಸ್ತಿ. ರೂಢಿಯಾದ ಕೆಲಸದಲ್ಲಿ ನಿನ್ನೆ ಲಾಚ್ (ಮುಚ್ಚಳ ಬಿಗಿಯುವ ಕೊಂಡಿ) ಹಾಕಿದ ನೆನಪು ಇವತ್ತಿನದ್ದೇ ಅನ್ನಿಸಿಬಿಡುತ್ತದೆ.

2013ರ ಮೇ 24ರಂದು ಲಂಡನ್ನಿನ ಹೀಥ್ರೋದಲ್ಲಿ ನಡೆದದ್ದನ್ನು ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಓದಬೇಕು. ಹಿಂದಿನ ರಾತ್ರಿ ಇಬ್ಬರು ಟೆಕ್ನಿಷಿಯನ್‌ಗಳು ಬ್ರಿಟಿಷ್ ಏರ್‌ವೇಸ್‌ನ ಒಂದು ಎ319 ವಿಮಾನದ ಎರಡೂ ಎಂಜಿನ್‌ಗಳ ಕೌಲ್ (ಎಂಜಿನ್ನಿನ ಹೊರಮುಚ್ಚಳ) ತೆರೆದು ಜನರೇಟರಿನ ಆಯಿಲ್ ನೋಡುತ್ತಾರೆ. ಆಯಿಲ್ ಹಾಕಬೇಕು, ಅದಕ್ಕೆ ಬೇಕಾದ ಸಾಮಾನು ಕೈಯಲ್ಲಿಲ್ಲ. ಆಮೇಲೆ ಬಂದು ಮಾಡಿದರಾಯಿತು ಅಂತ ಕೌಲ್ ಇಳಿಸಿ, ಲಾಚ್ ಹಾಕದೆ ಬೇರೆ ಕೆಲಸಕ್ಕೆ ಹೋಗುತ್ತಾರೆ. ತಿರುಗಿ ಬಂದದ್ದು ಇನ್ನೊಂದು ವಿಮಾನದ ಹತ್ತಿರ! ಅಲ್ಲಿ ಕೌಲ್ ಮುಚ್ಚಿತ್ತು, ಲಾಚ್ ಬಿದ್ದಿತ್ತು. ಬೇರೆ ಯಾರೋ ಮುಚ್ಚಿರಬೇಕು ಅಂದುಕೊಂಡರು.

ಆ ಲಾಚ್‌ಗಳು ಇರುವ ಜಾಗ ನೋಡಿ. ಎಂಜಿನ್ನಿನ ಹೊಟ್ಟೆಯ ಅಡಿಯಲ್ಲಿ, ನೆಲಕ್ಕೆ ಹತ್ತಿರ. ನಿಂತುಕೊಂಡರೆ ಕಾಣುವುದಿಲ್ಲ, ಮಂಡಿಯೂರಿ ತಲೆ ಬಗ್ಗಿಸಿ ನೋಡಬೇಕು, ಅದೂ ರಾತ್ರಿ ಪಾಳಿಯ ಟಾರ್ಚ್ ಬೆಳಕಿನಲ್ಲಿ. ಇಳಿಸಿದ ಕೌಲ್ ದೂರದಿಂದ ಮುಚ್ಚಿದ ಹಾಗೇ ಇರುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಸುತ್ತು ಹಾಕಿ ನೋಡಿದಾಗಲೂ ಯಾರಿಗೂ ಗೊತ್ತಾಗಲಿಲ್ಲ. ಟೇಕಾಫ್‌ನಲ್ಲೇ ಎರಡೂ ಎಂಜಿನ್‌ಗಳ ಕೌಲ್ ಕಿತ್ತುಹೋಯಿತು, ಬಲಗಡೆಯ ಇಂಧನದ ಪೈಪ್ ತೂತಾಗಿ ವಾಪಸ್ ಬರುವಾಗ ಬೆಂಕಿ ಹತ್ತಿತು. ಪುಣ್ಯಕ್ಕೆ 80 ಜನರೂ ಬದುಕಿದರು.

ಆ ಇಬ್ಬರನ್ನು ಬೈದರೆ ಏನು ಬಂತು? ಆಮೇಲೆ ಬಂದ ಪರಿಹಾರ ನನಗೆ ತುಂಬಾ ಇಷ್ಟ. ಎ319 ಕೂಡ ಸೇರಿರುವ ಎ320 ಬಳಗದ ವಿಮಾನಗಳ ಕೌಲ್‌ನ ಮುಂದಿನ ಲಾಚ್‌ಗೆ ಒಂದು ಕೀಲಿ ಬಂತು. ಅದಿಲ್ಲದೆ ಲಾಚ್ ತೆಗೆಯಲು ಆಗುವುದಿಲ್ಲ, ಲಾಚ್ ಸರಿಯಾಗಿ ಬೀಳದೆ ಕೀಲಿ ಹೊರಗೆ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಕಾಕ್‌ಪಿಟ್‌ನಲ್ಲಿ ಅದರ ಜಾಗದಲ್ಲೇ ಇಡಬೇಕು. ಜಾಗ ಖಾಲಿ ಇದ್ದರೆ ಕೌಲ್ ತೆರೆದಿದೆ ಅಂತಲೇ ಅರ್ಥ.

ಇಂಥ ಕೀಲಿ ಎಲ್ಲ ಕೆಲಸಕ್ಕೂ ಇಲ್ಲ ಅಲ್ವಾ, ಅಲ್ಲಿ ನಾವೇ ಮಾಡಿಕೊಳ್ಳಬೇಕು. ನನ್ನ ಜೊತೆಯ ಹುಡುಗರಿಗೆ ನಾನು ಹೇಳುವುದು ಇಷ್ಟು: ಪ್ಯಾನೆಲ್ ಬಿಚ್ಚಿದ ಕೂಡಲೇ ಲಾಗ್‌ನಲ್ಲಿ ಬರೆಯಿರಿ, ಮುಚ್ಚುವಾಗ ಬರೆದರಾಯಿತು ಅಂತ ಸುಮ್ನೆ ಬಿಡಬೇಡಿ. ಎದ್ದು ಹೋಗಬೇಕಾದರೆ ಕಾಕ್‌ಪಿಟ್‌ನಲ್ಲೂ ಒಂದು ಟ್ಯಾಗ್ ಇರಲಿ. ಮಧ್ಯೆ ಫೋನ್ ಬಂದರೆ, ಯಾರಾದರೂ ಕರೆದರೆ, ಮತ್ತೆ ಶುರು ಮಾಡುವಾಗ ಮೂರು ಹೆಜ್ಜೆ ಹಿಂದಿನಿಂದ ಮಾಡಿಕೊಂಡು ಬನ್ನಿ. ವಾಪಸ್ ಬಂದಾಗ ವಿಮಾನದ ನಂಬರನ್ನು ಕೆಲಸದ ಕಾರ್ಡ್‌ನಲ್ಲಿರುವುದಕ್ಕೆ ಹೋಲಿಸಿ ಬಾಯಿಬಿಟ್ಟು ಓದಿ. ಬಿಟ್ಟು ಹೋದದ್ದು ಹಾಗೇ ಇಲ್ಲ ಅನಿಸಿದರೆ, ಕೇಳದೆ ಸಹಿ ಹಾಕಲೇಬೇಡಿ.

ಒಬ್ಬರೇ ಎಲ್ಲ ಎಂಜಿನ್ ಮುಟ್ಟುವುದೂ ನನಗೆ ಸರಿ ಕಾಣುವುದಿಲ್ಲ. 1983ರ ಮೇ 5ರಂದು ಮಯಾಮಿಯಿಂದ ನಸ್ಸಾವಿಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನಕ್ಕೆ ಹಾಕಿದ್ದ ಚಿಪ್ ಡಿಟೆಕ್ಟರ್‌ಗಳಲ್ಲಿ (ಎಂಜಿನ್ ಆಯಿಲ್‌ನಲ್ಲಿ ಲೋಹದ ಚೂರು ಇದೆಯಾ ಅಂತ ಹಿಡಿಯುವ ಭಾಗ) ಓ-ರಿಂಗ್, ಅಂದರೆ ಆಯಿಲ್ ಸೋರದಂತೆ ತಡೆಯುವ ಬಳೆ, ಇರಲಿಲ್ಲ. ಮಾಮೂಲಿಯಾಗಿ ರಿಂಗ್ ಹಾಕಿಯೇ ಕೈಗೆ ಸಿಗುತ್ತಿದ್ದ ಭಾಗ ಅದು, ಹಾಗಾಗಿ ಯಾರೂ ನೋಡಲಿಲ್ಲ. ಮೂರೂ ಎಂಜಿನ್‌ಗಳಿಂದ ಆಯಿಲ್ ಸೋರಿಹೋಗಿ, ಕೊನೆಗೆ ಒಂದೇ ಎಂಜಿನ್‌ನಲ್ಲಿ ಮಯಾಮಿಗೆ ವಾಪಸ್ ಇಳಿಯಿತು. ಎಂಜಿನ್ನಿಗೊಬ್ಬರಂತೆ ಮಾಡಿದ್ದರೆ ಒಬ್ಬರ ಕಣ್ಣಿಗಾದರೂ ಬೀಳುತ್ತಿತ್ತೇನೋ. ಆದ್ದರಿಂದ ಎಷ್ಟೇ ಅವಸರವಿದ್ದರೂ ಎರಡನೇ ಎಂಜಿನ್ನಿಗೆ ಇನ್ನೊಬ್ಬರನ್ನು ಕರೆಯಿರಿ.