ಖರ್ಚಿನ ಪುಸ್ತಕದಲ್ಲಿ ಕಂಡ ತವರು

ಬೆಟಗೇರಿಯ ಒಂದು ಚರ್ಚಿನ ಹಿಂಬದಿಯಲ್ಲಿರುವ ಗರ್ಭಿಣಿಯರ ಆಸರೆ ಕೇಂದ್ರದ ಇತಿಹಾಸವನ್ನು ಬರೆದುಕೊಡಬೇಕೆಂದು ಅದರ ಸಮಿತಿಯವರು ಕೇಳಿದಾಗ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ್ದನ್ನೂ, 1968ರಲ್ಲಿ ಕೆನಡಾದ ಟೊರಾಂಟೊದಲ್ಲಿ ಲೂಯಿಸ್ ಸಮ್ಮರ್‌ಹಿಲ್ ಎಂಬುವರು ಬರ್ತ್‌ರೈಟ್ ಎಂಬ, ಗರ್ಭಿಣಿಯರಿಗೆ ನೆರವಾಗುವ ಸಂಸ್ಥೆಯನ್ನು ಆರಂಭಿಸಿದ್ದನ್ನೂ ಸೇರಿಸಿ ಎರಡು ಪುಟ ಬರೆದಿದ್ದೆ. ಕೇಂದ್ರವನ್ನು ಬಹುಕಾಲ ನೋಡಿಕೊಂಡಿದ್ದ ನಿವೃತ್ತ ಸಿಸ್ಟರ್ ಅದನ್ನು ಓದಿ, "ಇದೆಲ್ಲಾ ಖರೆ ಐತಿ ತಂಗಿ, ಆದರ ನಮ್ಮಲ್ಲಿಗೆ ಬಂದ ಹುಡುಗ್ಯಾರು ಇದರಾಗ ಎಲ್ಲಿ ಅದಾರ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅವರು ಟ್ರಂಕಿನಿಂದ ಖರ್ಚಿನ ಪುಸ್ತಕಗಳನ್ನು ತೆಗೆದರು. ಬಂದವರ ಹೆಸರಿನ ಬದಲು ಬರೀ ಸಂಖ್ಯೆಗಳಿದ್ದವು. ಆದರೆ ಒಂದೊಂದು ಸಂಖ್ಯೆಯ ಮುಂದೆ ಹಸಿರು ಸೀರೆ, ಹಸಿರು ಬಳೆ, ಹೂವು, ಉಡಿ ತುಂಬಲು ಅಕ್ಕಿ ಮತ್ತು ಕೊಬ್ಬರಿ ಬಟ್ಟಲು ಎಂಬ ಲೆಕ್ಕ. ಕೆಲವು ತಿಂಗಳ ನಂತರ ಅದೇ ಸಂಖ್ಯೆಯ ಮುಂದೆ ಬಾಣಂತಿಗೆ ಕೊಡುವ ಅಳವಿ, ಉತ್ತತ್ತಿ, ಅಂಟು, ಬೆಲ್ಲ. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆತಂದು ಬಾಣಂತನ ಮಾಡುತ್ತಾರಲ್ಲ, ತವರಿನ ಬಾಗಿಲು ಮುಚ್ಚಿದ ಹೆಣ್ಣುಮಕ್ಕಳಿಗೆ ಇಲ್ಲಿ ಅದನ್ನೇ ಮಾಡಿದ್ದರು. ಆ ಪುಟಗಳನ್ನು ತಿರುವುತ್ತ ಮಧ್ಯಾಹ್ನದ ಊಟದ ಹೊತ್ತು ಮೀರಿದ್ದೂ ನನಗೆ ತಿಳಿಯಲಿಲ್ಲ.

ಹಳೆಯ ಪುಸ್ತಕವೊಂದರಲ್ಲಿ ಮಾತ್ರ, ಹೆರಿಗೆಯ ನಾಲ್ಕನೆಯ ದಿನ "ಕೂಸು ಒಪ್ಪಿಸಲಾಯಿತು" ಎಂಬ ಒಂದೇ ಸಾಲಿತ್ತು. ಯಾರಿಗೆ ಒಪ್ಪಿಸಿದರು, ತಾಯಿ ಮನಸಾರೆ ಒಪ್ಪಿದ್ದಳೇ ಎಂಬುದು ಅದರಲ್ಲಿರಲಿಲ್ಲ. ಈಗ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೇ ಒಪ್ಪಿಸಬೇಕು, ಮರಳಿ ಯೋಚಿಸಲು ಹೆತ್ತವರಿಗೆ ಎರಡು ತಿಂಗಳ ಅವಕಾಶವಿದೆ. ಆ ತಾಯಿಗೆ ಅಂಥ ಅವಕಾಶ ಸಿಕ್ಕಿತ್ತೇ ಎಂದು ಕೇಳಿದೆ. ಸಿಸ್ಟರ್ ಬಹಳ ಹೊತ್ತು ಸುಮ್ಮನಿದ್ದು, "ಆಕಿ ಒಂದು ವಾರ ಅತ್ತಳು, ನಾವು ಅದನ್ನ ಬರೀಲಿಲ್ಲ" ಎಂದರು.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ವಾದವಾಯಿತು. ಗರ್ಭಪಾತ ಅವರ ನಂಬಿಕೆಗೆ ಒಗ್ಗದು, ಅದನ್ನು ನಾನು ಗೌರವಿಸುತ್ತೇನೆ. ಆದರೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಿಂದ ಯಾವ ಸಂದರ್ಭದಲ್ಲಿ ಅದಕ್ಕೆ ಅವಕಾಶವಿದೆ ಎಂಬುದನ್ನು ಹೆದರಿ ಬಂದ ಹುಡುಗಿಯಿಂದ ಮರೆಮಾಚಿದರೆ ಅದು ಆಸರೆಯಾಗುವುದಿಲ್ಲ ಎಂದು ನಾನು ಪಟ್ಟುಹಿಡಿದೆ. ಕೇಳಿದವರಿಗೆ ತಾವು ಸುಳ್ಳು ಹೇಳಿಲ್ಲವೆಂದೂ, ಕೇಳದವರಿಗೆ ತಾವಾಗಿ ಹೇಳಿದ್ದೂ ಇಲ್ಲವೆಂದೂ ಅವರು ಒಪ್ಪಿಕೊಂಡರು.

ಸಂಜೆ ಮನೆಗೆ ಬಂದು ಮೊದಲಿನ ಎರಡು ಪುಟಗಳನ್ನು ನಾಲ್ಕು ಸಾಲಿಗೆ ಇಳಿಸಿದೆ. ಬಳೆ, ಕೊಬ್ಬರಿಗಳ ಲೆಕ್ಕದಿಂದ ಇತಿಹಾಸವನ್ನು ಆರಂಭಿಸಿ, ಒಂದು ವಾರ ಅತ್ತ ತಾಯಿಯ ಮಾತನ್ನೂ ಸೇರಿಸಿದೆ. ಸಮಿತಿಯ ಕೆಲವರು ಆ ಸಾಲನ್ನು ತೆಗೆಯಬೇಕೆಂದಾಗ, ಅದು ಇರಲಿ ಎಂದವರು ಸಿಸ್ಟರ್.